ಶಕ್ತಿ ನಾಶವಾಗದಿದ್ದರೆ ಮುಗಿಯುವುದು ಏನು?

ಪ್ರಶ್ನೆ: ನಾವು ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರು. ಮಗಳು ಹೈಸ್ಕೂಲಿನಲ್ಲಿದ್ದಾಳೆ. ‘ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶಪಡಿಸಲೂ ಆಗದು’ ಎಂದು ಒಂದು ಪಾಠ ಹೇಳುತ್ತದೆ. ‘ಶಕ್ತಿಯ ಆಕರಗಳು ಮುಗಿಯುತ್ತಿವೆ, ಮಿತವಾಗಿ ಬಳಸಿ’ ಎಂದು ಇನ್ನೊಂದು ಪಾಠ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂದು ಕೇಳುತ್ತಾಳೆ, ನನಗೆ ಉತ್ತರ ಹೊಳೆಯುತ್ತಿಲ್ಲ. ನನ್ನದೂ ಒಂದು ಪ್ರಶ್ನೆಯಿದೆ. ಶರಾವತಿಯಲ್ಲಿ ವಿದ್ಯುತ್ ತೆಗೆದು ಕೆಳಗೆ ಬಿಟ್ಟ ನೀರನ್ನೇ ವಿದ್ಯುತ್ ಖರ್ಚು ಮಾಡಿ ಮತ್ತೆ ಮೇಲಕ್ಕೆ ಪಂಪ್ ಮಾಡುವ ಯೋಜನೆ ಇದೆಯಂತೆ. ಇದರಲ್ಲಿ ಲಾಭ ಎಲ್ಲಿಂದ ಬರುತ್ತದೆ? ಕೊನೆಯದಾಗಿ, ಮನೆಗೆ ಗೀಸರ್ ಹಾಕಿಸಬೇಕೆಂದು ಮಕ್ಕಳ ಒತ್ತಾಯ. ಬಚ್ಚಲ ಒಲೆಯನ್ನೇ ಇಟ್ಟುಕೊಳ್ಳುವುದು ಒಳ್ಳೆಯದೇ?

ಉತ್ತರ: ನಿಮ್ಮ ಮಗಳ ಪ್ರಶ್ನೆ ಬಹಳ ದೊಡ್ಡದು. ಅದನ್ನು ಕೇಳದೆಯೇ ಪರೀಕ್ಷೆ ಪಾಸಾಗಿ ಎಂಜಿನಿಯರ್ ಆದವರು ಸಾವಿರಾರು ಮಂದಿ ಇದ್ದಾರೆ. ಹತ್ತೊಂಬತ್ತನೇ ಶತಮಾನದ ಭೌತವಿಜ್ಞಾನಿಗಳು ದಶಕಗಳ ಕಾಲ ತಲೆಕೆಡಿಸಿಕೊಂಡದ್ದು ಈ ಪ್ರಶ್ನೆಗಾಗಿಯೇ. ನೀವು ಇರುವ ಜಾಗದಲ್ಲಿಯೇ ಇದಕ್ಕೆ ಉತ್ತರವೂ ಇದೆ, ಹಾಗಾಗಿ ಶರಾವತಿಯಿಂದಲೇ ಹೊರಡುತ್ತೇನೆ.

ಮೊದಲು ಒಂದು ಅಭ್ಯಾಸ ಬಿಡಬೇಕು. ‘ವಿದ್ಯುತ್ ಶಕ್ತಿ, ಬೆಳಕಿನ ಶಕ್ತಿ, ಶಬ್ದ ಶಕ್ತಿ, ಉಷ್ಣ ಶಕ್ತಿ’ ಎಂದು ರೂಪಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದು ನಮ್ಮ ಶಾಲೆಗಳ ರೂಢಿ. ಆ ಪಟ್ಟಿ ತಪ್ಪೇನಲ್ಲ, ಆದರೆ ಶಕ್ತಿ ಎಲ್ಲಿ ಕುಳಿತಿದೆ, ಯಾವ ದಾರಿಯಲ್ಲಿ ಹೋಗುತ್ತಿದೆ ಎಂಬ ಎರಡು ಬೇರೆ ಸಂಗತಿಗಳನ್ನು ಅದು ಒಂದೇ ಸಾಲಿನಲ್ಲಿ ನಿಲ್ಲಿಸಿಬಿಡುತ್ತದೆ. ಎತ್ತರದಲ್ಲಿ ನಿಂತ ನೀರು, ಚಲಿಸುತ್ತಿರುವ ಬಸ್ಸು, ಎಳೆದು ಹಿಡಿದ ಸ್ಪ್ರಿಂಗು, ಬಿಸಿಯಾದ ಹಂಡೆ, ಒಣಗಿದ ಕಟ್ಟಿಗೆ, ಯುರೇನಿಯಂ ಪರಮಾಣುವಿನ ನ್ಯೂಕ್ಲಿಯಸ್, ಇವೆಲ್ಲ ಶಕ್ತಿಯ ಸಂಗ್ರಹಗಳು. ಇಷ್ಟು ಶಕ್ತಿ ಇದೆ ಎಂದು ಲೆಕ್ಕ ಹಾಕಿ ಬರೆದಿಡಬಹುದು, ನಾಳೆ ಬಂದು ನೋಡಿದರೂ ಇರುತ್ತದೆ (ಬಸ್ಸು ನಿಂತಿರುತ್ತದೆ, ಹಂಡೆ ತಣ್ಣಗಾಗಿರುತ್ತದೆ; ಹಂಡೆಯ ವಿಷಯಕ್ಕೆ ಆಮೇಲೆ ಬರುತ್ತೇನೆ). ವಿದ್ಯುತ್, ಬೆಳಕು, ಶಬ್ದ, ತಳ್ಳುವುದು, ಎಳೆಯುವುದು ಇವು ಒಂದು ಸಂಗ್ರಹದಿಂದ ಇನ್ನೊಂದಕ್ಕೆ ಶಕ್ತಿ ವರ್ಗಾವಣೆಯಾಗುವ ದಾರಿಗಳು. ತಂತಿಯೊಳಗೆ ವಿದ್ಯುತ್ತನ್ನು ತುಂಬಿಡಲು ಬರುವುದಿಲ್ಲ. ಬ್ಯಾಟರಿಯಲ್ಲಿಯೂ ಇರುವುದು ರಾಸಾಯನಿಕ ಸಂಗ್ರಹವೇ. ಮಗಳಿಗೆ ಯಾವ ಲೆಕ್ಕ ಎದುರಾದರೂ ಮೂರು ಪ್ರಶ್ನೆ ಕೇಳಿಕೊಳ್ಳಲು ಹೇಳಿ: ಯಾವ ಸಂಗ್ರಹ ಬರಿದಾಯಿತು, ಯಾವುದು ತುಂಬಿತು, ದಾರಿ ಯಾವುದು?

ಈಗ ಲಿಂಗನಮಕ್ಕಿಗೆ ಬನ್ನಿ. 1964ರಲ್ಲಿ ಮುಗಿದ ಆ ಅಣೆಕಟ್ಟೆಯ ಹಿಂದೆ ಪೂರ್ಣ ತುಂಬಿದಾಗ ಸುಮಾರು 151 ಟಿಎಂಸಿ ನೀರು ನಿಲ್ಲುತ್ತದೆ. ಅಲ್ಲಿಂದ ನೀರು ತಳಕಳಲೆಯ ಸಮತೋಲನ ಜಲಾಶಯಕ್ಕೆ ಹೋಗಿ, ಘಟ್ಟದ ಇಳಿಜಾರಿನಲ್ಲಿ ಹಾಕಿರುವ ದಪ್ಪ ಕೊಳವೆಗಳಲ್ಲಿ ಸುಮಾರು 440 ಮೀಟರು ಕೆಳಗಿರುವ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಅಲ್ಲಿ ಹತ್ತು ಯಂತ್ರಗಳು, ಒಟ್ಟು 1,035 ಮೆಗಾವಾಟ್.

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಅದು 440 ಮೀಟರು ಇಳಿದಾಗ ಕೊಡುವ ಶಕ್ತಿ ತೂಕ, ಗುರುತ್ವ ಮತ್ತು ಎತ್ತರಗಳ ಗುಣಲಬ್ಧ, ಅಂದರೆ 1 × 9.8 × 440, ಸುಮಾರು 4,300 ಜೂಲ್. ನಿಮ್ಮ ಮೀಟರಿನ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಭಾಗಿಸಿ ನೋಡಿದರೆ ಒಂದು ಯೂನಿಟ್ಟಿಗೆ 840 ಲೀಟರಿನಷ್ಟು ನೀರು ಬೇಕು. ಕೊಳವೆಯ ಘರ್ಷಣೆ, ಟರ್ಬೈನು, ಜನರೇಟರುಗಳಲ್ಲಿ ಆಗುವ ನಷ್ಟ ಸೇರಿಸಿಕೊಂಡರೆ ಸಾವಿರ ಲೀಟರಿನ ಹತ್ತಿರ ಬರುತ್ತದೆ. ಶರಾವತಿಯ ಮಟ್ಟಿಗೆ ಸಾವಿರ ಲೀಟರಿಗೆ ಒಂದು ಯೂನಿಟ್ ಎಂದು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ವಿದ್ಯುದಾಗಾರದ ಟರ್ಬೈನು ಪೆಲ್ಟನ್ ಮಾದರಿಯದು. ಮಕ್ಕಳಿಗೆ ವರ್ಗಾವಣೆ ಎಂದರೇನೆಂದು ತೋರಿಸಲು ಇದಕ್ಕಿಂತ ಚೆಲುವಾದ ಯಂತ್ರ ನನಗೆ ಗೊತ್ತಿಲ್ಲ. ಕೊಳವೆಯ ತುದಿಯ ಕಿರಿದಾದ ಬಾಯಿಂದ ನೀರು ಸೆಕೆಂಡಿಗೆ 90 ಮೀಟರಿನಷ್ಟು, ಗಂಟೆಗೆ 300 ಕಿಲೋಮೀಟರು ಮೀರಿದ ವೇಗದಲ್ಲಿ ಚಿಮ್ಮುತ್ತದೆ. ಎತ್ತರದಲ್ಲಿದ್ದ ಶಕ್ತಿಯೆಲ್ಲ ಈಗ ಚಲನೆಯಲ್ಲಿದೆ. ಚಕ್ರದ ಅಂಚಿನ ಸುತ್ತ ಜೋಡಿ ಬಟ್ಟಲುಗಳಿವೆ, ಎರಡು ಬಟ್ಟಲುಗಳ ನಡುವೆ ಚೂಪಾದ ಏಣು. ನೀರಿನ ಧಾರೆ ಆ ಏಣಿಗೆ ಬಡಿದು ಎರಡಾಗಿ ಸೀಳಿ, ಬಟ್ಟಲಿನ ಒಳಮೈಯನ್ನು ಸವರಿಕೊಂಡು ಬಂದ ದಿಕ್ಕಿಗೇ ಹೆಚ್ಚುಕಡಿಮೆ ಹಿಂದಿರುಗುತ್ತದೆ. ಬಟ್ಟಲುಗಳು ಧಾರೆಯ ಅರ್ಧ ವೇಗದಲ್ಲಿ ಓಡುವಂತೆ ಚಕ್ರವನ್ನು ವಿನ್ಯಾಸ ಮಾಡಿರುತ್ತಾರೆ. ಬಟ್ಟಲಿನ ಮೇಲೆ ಕುಳಿತು ನೋಡುವವನಿಗೆ ನೀರು ಅರ್ಧ ವೇಗದಲ್ಲಿ ಬಂದು ಅರ್ಧ ವೇಗದಲ್ಲಿ ಹಿಂದಕ್ಕೆ ಹೋಗುತ್ತದೆ. ಬಟ್ಟಲು ಅಷ್ಟೇ ವೇಗದಲ್ಲಿ ಮುಂದಕ್ಕೆ ಓಡುತ್ತಿರುವುದರಿಂದ, ನೆಲದ ಮೇಲೆ ನಿಂತವನ ಕಣ್ಣಿಗೆ ಆ ನೀರು ಓಟವನ್ನೆಲ್ಲ ಕಳೆದುಕೊಂಡು ಸುಮ್ಮನೆ ಕೆಳಕ್ಕೆ ಬೀಳುತ್ತದೆ. ನೀರಿನ ಚಲನ ಶಕ್ತಿ ಹೆಚ್ಚುಕಡಿಮೆ ಪೂರ್ತಿಯಾಗಿ ಚಕ್ರಕ್ಕೆ ದಾಟಿದೆ ಎಂಬುದಕ್ಕೆ ಇದೇ ಗುರುತು. ನೀರು ಇನ್ನೂ ರಭಸದಿಂದ ಹೊರಹೋಗುತ್ತಿದ್ದರೆ ಆ ರಭಸದಷ್ಟು ಶಕ್ತಿ ನಮಗೆ ದಕ್ಕಲಿಲ್ಲವೆಂದೇ ಅರ್ಥ.

ಅದೇ ನೀರು ಕೊಳವೆಗೆ ಸಿಗದೆ ಜೋಗದಲ್ಲಿ ಧುಮುಕಿದರೆ? ಅಲ್ಲಿಯ ಎತ್ತರ 253 ಮೀಟರು. ಮೇಲೆ ಇದ್ದ ಶಕ್ತಿ ಬೀಳುವಾಗ ವೇಗವಾಗುತ್ತದೆ, ಕೆಳಗಿನ ಗುಂಡಿಗೆ ಬಿದ್ದ ಕೂಡಲೇ ವೇಗ ಇಲ್ಲವಾಗುತ್ತದೆ. ಮಗಳನ್ನು ಕೇಳಿ, ಶಕ್ತಿ ಎಲ್ಲಿ ಹೋಯಿತು? ಸದ್ದಾಗಿ ಹೋಯಿತು ಎಂದು ಹೆಚ್ಚಿನ ಮಕ್ಕಳು ಹೇಳುತ್ತಾರೆ. ಜೋಗದ ಮೊರೆತ ಎಷ್ಟು ದೊಡ್ಡದಾದರೂ ಸದ್ದಿನ ಪಾಲು ಬಹಳ ಚಿಕ್ಕದು. ಉಳಿದದ್ದೆಲ್ಲ ನೀರನ್ನೇ ಬಿಸಿ ಮಾಡುತ್ತದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 4,200 ಜೂಲ್ ಬೇಕು. 253 ಮೀಟರಿನ ಪತನ ಕೊಡುವುದು 2,480 ಜೂಲ್. ಅಂದರೆ ರಾಜನೋ ರಾಣಿಯೋ ಕೆಳಗೆ ಸೇರುವಷ್ಟರಲ್ಲಿ ನೀರು ಹೆಚ್ಚೆಂದರೆ 0.6 ಡಿಗ್ರಿ ಬೆಚ್ಚಗಾಗಬಹುದು. ತುಂತುರು ಆವಿಯಾಗಿ ತಂಪಾಗುವುದರಿಂದ ಥರ್ಮಾಮೀಟರು ಹಿಡಿದು ಅಲ್ಲಿ ಇದನ್ನು ಅಳೆಯುವುದು ಕಷ್ಟ. ಇಂಗ್ಲೆಂಡಿನ ಜೇಮ್ಸ್ ಜೂಲ್ 1840ರ ದಶಕದಲ್ಲಿ ಇದೇ ಲೆಕ್ಕವನ್ನು ಮುಚ್ಚಿದ ಪಾತ್ರೆಯೊಳಗೆ ಮಾಡಿ ತೋರಿಸಿದರು. ಕೆಳಗಿಳಿಯುವ ತೂಕದಿಂದ ನೀರೊಳಗಿನ ರೆಕ್ಕೆಗಳನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತೆಂದು ಅಳೆದರು. ಶಕ್ತಿ ಸಂರಕ್ಷಣಾ ನಿಯಮಕ್ಕೆ ಬುನಾದಿ ಹಾಕಿದ ಪ್ರಯೋಗಗಳಲ್ಲಿ ಇದು ಮುಖ್ಯವಾದದ್ದು.

ನಿಮ್ಮ ಮಗಳ ಒಗಟು ಬಿಡಿಸಿಕೊಳ್ಳುವುದು ಇಲ್ಲಿಯೇ. ಜೋಗದ ಕೆಳಗಿನ ನೀರಿನಲ್ಲಿ ಶಕ್ತಿ ಅಷ್ಟೂ ಇದೆ, ಒಂದು ಜೂಲ್ ಕೂಡ ಕಳೆದಿಲ್ಲ. ಆದರೆ ಅರ್ಧ ಡಿಗ್ರಿ ಬೆಚ್ಚಗಾದ ನೀರಿನಿಂದ ಒಂದು ಬಲ್ಬನ್ನೂ ಉರಿಸಲಾಗದು. ಎತ್ತರದಲ್ಲಿದ್ದಾಗ ಎಲ್ಲ ಅಣುಗಳೂ ಒಟ್ಟಾಗಿ ಒಂದೇ ದಿಕ್ಕಿಗೆ ಇಳಿಯಲು ಸಿದ್ಧವಾಗಿದ್ದವು, ಹಾಗಾಗಿ ಚಕ್ರ ತಿರುಗಿಸಬಲ್ಲವಾಗಿದ್ದವು. ಬಿದ್ದ ಮೇಲೆ ಅದೇ ಶಕ್ತಿ ಕೋಟ್ಯಂತರ ಅಣುಗಳ ದಿಕ್ಕಿಲ್ಲದ ಕುಣಿತವಾಗಿ ಹಂಚಿಹೋಯಿತು. ಹಿಡಿ ಉಪ್ಪನ್ನು ಕೆರೆಗೆ ಎಸೆದರೆ ಉಪ್ಪು ಎಲ್ಲಿಯೂ ಹೋಗಿರುವುದಿಲ್ಲ, ಸಾರಿಗೆ ಹಾಕಲು ಮಾತ್ರ ಸಿಗುವುದಿಲ್ಲ. ಶಕ್ತಿಯ ಮೊತ್ತ ಬದಲಾಗದು ಎಂಬುದು ಒಂದು ನಿಯಮ. ಅದು ತಾನಾಗಿ ಚೆದುರುತ್ತದೆಯೇ ಹೊರತು ತಾನಾಗಿ ಒಟ್ಟುಗೂಡುವುದಿಲ್ಲ ಎಂಬುದು ಇನ್ನೊಂದು ನಿಯಮ. ನಮ್ಮ ಶಾಲೆಗಳು ಮೊದಲನೆಯದನ್ನು ಹೇಳಿ ಎರಡನೆಯದನ್ನು ಕಾಲೇಜಿಗೆ ಮುಂದೂಡುತ್ತವೆ. ಇದು ತಪ್ಪು ಎಂದು ನನ್ನ ದೃಢವಾದ ಅಭಿಪ್ರಾಯ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಮಿತವಾಗಿ ಬಳಸಿ ಎಂಬ ಮಾತು ಬರಿಯ ಉಪದೇಶವಾಗಿ ಕೇಳಿಸುತ್ತದೆ, ಚುರುಕಾದ ಮಕ್ಕಳಿಗೆ ಅದರಲ್ಲಿ ನಂಬಿಕೆ ಹುಟ್ಟುವುದಿಲ್ಲ. ಮುಗಿಯುವುದು ಒಂದೆಡೆ ಸೇರಿರುವ, ಕೆಲಸಕ್ಕೆ ಬರುವ ಸಂಗ್ರಹ. ಬಿಸಿನೀರಿನ ಹಂಡೆ ತಣ್ಣಗಾಗುವುದೂ ಇದೇ ಕಥೆ: ಅದರ ಶಕ್ತಿ ಬಚ್ಚಲ ಮನೆಯ ಗೋಡೆಗೆ, ಗಾಳಿಗೆ ಹಂಚಿಹೋಗುತ್ತದೆ.

ಈ ಚೆದುರುವಿಕೆಗೆ ತೆರುವ ಬೆಲೆ ಕಣ್ಣಿಗೆ ಕಾಣುವುದು ಕಲ್ಲಿದ್ದಲ ಸ್ಥಾವರದಲ್ಲಿ. ರಾಯಚೂರಿನ ಶಕ್ತಿನಗರಕ್ಕೆ ಕಲ್ಲಿದ್ದಲು ತೆಲಂಗಾಣದ ಸಿಂಗರೇಣಿ, ಒಡಿಶಾದ ಮಹಾನದಿ ಗಣಿಗಳಂಥ ದೂರದ ಜಾಗಗಳಿಂದ ರೈಲಿನಲ್ಲಿ ಬರುತ್ತದೆ. ಅಲ್ಲಿ ರಾಸಾಯನಿಕ ಸಂಗ್ರಹವನ್ನು ಮೊದಲು ಸುಟ್ಟು ಶಾಖ ಮಾಡುತ್ತಾರೆ, ಶಾಖದಿಂದ ಹಬೆ, ಹಬೆಯಿಂದ ಟರ್ಬೈನಿನ ತಿರುಗುವಿಕೆ. ಒಮ್ಮೆ ಶಾಖವಾಗಿ ಚೆದುರಿದ ಶಕ್ತಿಯನ್ನು ಪೂರ್ತಿಯಾಗಿ ಮತ್ತೆ ತಿರುಗುವಿಕೆಯಾಗಿ ಒಟ್ಟುಗೂಡಿಸಲು ನಿಸರ್ಗವೇ ಬಿಡುವುದಿಲ್ಲ, ಎಷ್ಟು ಒಳ್ಳೆಯ ಎಂಜಿನಿಯರ್ ಬಂದರೂ ಅಷ್ಟೇ. ಇಂಥ ಸ್ಥಾವರದಲ್ಲಿ ಸುಟ್ಟ ಶಕ್ತಿಯ ಮೂರನೇ ಒಂದು ಭಾಗ, ಸ್ವಲ್ಪ ಹೆಚ್ಚು, ತಂತಿಗೆ ಏರುತ್ತದೆ. ಉಳಿದದ್ದು ಚಿಮಣಿಯಲ್ಲಿ, ತಂಪುಗೋಪುರದ ಹಬೆಯಲ್ಲಿ, ತಂಪು ಮಾಡಲು ಹರಿಸಿದ ನೀರಿನಲ್ಲಿ ಹೋಗುತ್ತದೆ. ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಖರ್ಚಾಗುತ್ತದೆ. ಶರಾವತಿಯ ಯಂತ್ರಗಳಲ್ಲಿ ಶಾಖದ ಮಧ್ಯಸ್ಥಿಕೆ ಇಲ್ಲ, ಅದಕ್ಕೇ ಅಲ್ಲಿಯ ದಕ್ಷತೆ ಶೇಕಡಾ 85ರ ಆಸುಪಾಸು.

ಆಕರಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಹೆಚ್ಚಿನವುಗಳ ಮೂಲ ಸೂರ್ಯನೇ. ಅರಬ್ಬೀ ಸಮುದ್ರದ ನೀರನ್ನು ಆವಿ ಮಾಡಿ ಘಟ್ಟದ ಮೇಲೆ ಸುರಿಸುವವನು ಅವನೇ, ಲಿಂಗನಮಕ್ಕಿಯ ಸಂಗ್ರಹವನ್ನು ವರ್ಷವರ್ಷವೂ ತುಂಬುವವನೂ ಅವನೇ. ಗಾಳಿ ಬೀಸುವುದು ಅವನು ನೆಲವನ್ನು ಸಮನಾಗಿ ಕಾಯಿಸದೆ ಇರುವುದರಿಂದ. ನಮ್ಮ ದೇಶದ ಹೆಚ್ಚಿನ ಕಲ್ಲಿದ್ದಲು 25-30 ಕೋಟಿ ವರ್ಷಗಳ ಹಿಂದಿನ ಕಾಡುಗಳು ಹಿಡಿದಿಟ್ಟ ಬಿಸಿಲು. ಕೈಗಾದ ಯುರೇನಿಯಂ ಮಾತ್ರ ಸೂರ್ಯನ ಲೆಕ್ಕಕ್ಕೆ ಸೇರುವುದಿಲ್ಲ, ಅದು ಸೂರ್ಯನಿಗೂ ಮೊದಲು ಬೇರೆ ನಕ್ಷತ್ರಗಳ ಅಂತ್ಯಕಾಲದ ಸ್ಫೋಟಗಳಲ್ಲಿ ಹುಟ್ಟಿದ್ದು. ಉಬ್ಬರವಿಳಿತ ಚಂದ್ರನ ಸೆಳೆತದ್ದು, ಭೂಗರ್ಭದ ಶಾಖ ಭೂಮಿಯದೇ. ನವೀಕರಿಸಬಹುದಾದದ್ದು ಎಂದರೆ ನಾವು ಬರಿದು ಮಾಡುವ ವೇಗದಲ್ಲಿ ಮತ್ತೆ ತುಂಬುವ ಸಂಗ್ರಹ. ಹಾಗಾಗಿ ಕಟ್ಟಿಗೆಯೂ ಎಲ್ಲ ಕಡೆಯೂ ನವೀಕರಿಸಬಹುದಾದ ಆಕರವೇನಲ್ಲ; ಬೆಳೆಯುವುದಕ್ಕಿಂತ ಬೇಗ ಕಡಿದರೆ ಅದೂ ಕಲ್ಲಿದ್ದಲಿನ ಸಾಲಿಗೆ ಸೇರುತ್ತದೆ. ಜಲಾಶಯವೂ ಮಳೆಯನ್ನು ನಂಬಿದ್ದು. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯ ವಿದ್ಯುತ್ ಕೊರತೆಗೆ ಸಿಕ್ಕಿದ್ದು ನಿಮಗೆ ನೆನಪಿರಬಹುದು.

ಇನ್ನು ನಿಮ್ಮ ಪಂಪಿನ ಪ್ರಶ್ನೆ. ನೀವು ಕೇಳಿರುವುದು ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಪ್ರಸ್ತಾಪವಾಗಿರುವ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆ. ನಿಮ್ಮ ಅನುಮಾನ ಭೌತವಿಜ್ಞಾನದ ದೃಷ್ಟಿಯಿಂದ ನೂರಕ್ಕೆ ನೂರು ಸರಿ. ಇಂಥ ಯೋಜನೆ ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ. ನೂರು ಯೂನಿಟ್ ಖರ್ಚು ಮಾಡಿ ನೀರನ್ನು ಮೇಲಕ್ಕೆ ಒಯ್ದರೆ, ಅದೇ ನೀರು ಕೆಳಗಿಳಿಯುವಾಗ ಮರಳಿ ಬರುವುದು 75ರಿಂದ 80 ಯೂನಿಟ್. ಉಳಿದದ್ದು ಪಂಪು, ಕೊಳವೆ, ಟರ್ಬೈನುಗಳಲ್ಲಿ ಶಾಖವಾಗಿ ಚೆದುರುತ್ತದೆ. ಇದಕ್ಕೆ ‘ವಿದ್ಯುತ್ ಉತ್ಪಾದನಾ ಯೋಜನೆ’ ಎಂದು ಯಾರಾದರೂ ಹೆಸರಿಟ್ಟರೆ ಒಪ್ಪಬೇಡಿ.

ಆದರೂ ಜಗತ್ತಿನಾದ್ಯಂತ ಇದನ್ನು ಕಟ್ಟುತ್ತಿರುವುದೇಕೆ? ವಿದ್ಯುತ್ ಒಂದು ದಾರಿ ಮಾತ್ರ, ಸಂಗ್ರಹವಲ್ಲ ಎಂದೆನಲ್ಲ, ಕಾರಣ ಅದರಲ್ಲಿಯೇ ಇದೆ. ರಾಜ್ಯದ ಎಲ್ಲ ಮನೆ, ಪಂಪ್‌ಸೆಟ್, ಕಾರ್ಖಾನೆಗಳು ಈ ಕ್ಷಣ ಎಳೆಯುವಷ್ಟೇ ವಿದ್ಯುತ್ ಈ ಕ್ಷಣವೇ ತಯಾರಾಗಬೇಕು. ಬೇಡಿಕೆ ಹೆಚ್ಚಾಗಿ ಉತ್ಪಾದನೆ ಸಾಲದೆ ಹೋದರೆ, ತಿರುಗುತ್ತಿರುವ ಜನರೇಟರುಗಳು ತಮ್ಮ ಚಲನ ಶಕ್ತಿಯನ್ನೇ ಕೊಟ್ಟು ನಿಧಾನವಾಗುತ್ತವೆ, ಸೆಕೆಂಡಿಗೆ 50 ಆವರ್ತನ ಇರಬೇಕಾದ್ದು ಇಳಿಯತೊಡಗುತ್ತದೆ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕು ಮಟಮಟ ಮಧ್ಯಾಹ್ನ ಧಾರಾಳವಾಗಿ ಕೊಡುತ್ತದೆ, ಎಲ್ಲರ ಮನೆಯ ದೀಪ ಹೊತ್ತುವ ಸಂಜೆ ಏಳಕ್ಕೆ ಏನೂ ಕೊಡುವುದಿಲ್ಲ. ಕಲ್ಲಿದ್ದಲ ಸ್ಥಾವರವನ್ನು ಬೇಕೆಂದಾಗ ಥಟ್ಟನೆ ಹೊತ್ತಿಸಿ ಆರಿಸಲು ಆಗದು, ತಣ್ಣಗಿರುವ ಬಾಯ್ಲರು ಸಿದ್ಧವಾಗಲು ಎಷ್ಟೋ ಗಂಟೆ ಬೇಕು. ಶರಾವತಿಯಂಥ ಜಲ ಯಂತ್ರ ಕೆಲವೇ ನಿಮಿಷಗಳಲ್ಲಿ ಪೂರ್ಣ ಶಕ್ತಿಗೆ ಏರುತ್ತದೆ. ಮಧ್ಯಾಹ್ನ ಉಳಿದ ಬಿಸಿಲನ್ನು ಎತ್ತರದ ನೀರಾಗಿ ಇಟ್ಟುಕೊಂಡು ಸಂಜೆಗೆ ಬಳಸುವುದು ಈ ಯೋಜನೆಗಳ ತರ್ಕ. ತಮಿಳುನಾಡಿನ ಕಡಂಪಾರೈ, ಪಶ್ಚಿಮ ಬಂಗಾಳದ ಪುರುಲಿಯಾಗಳಲ್ಲಿ ಇಂಥವು ಕೆಲಸ ಮಾಡುತ್ತಿವೆ. ಇಪ್ಪತ್ತು ಯೂನಿಟ್ ಕಳೆದುಕೊಂಡು ಎಂಬತ್ತನ್ನು ಬೇಕಾದ ಹೊತ್ತಿಗೆ ಪಡೆಯುವುದು ಲಾಭವೇ, ಮಧ್ಯಾಹ್ನದ ಆ ನೂರು ಯೂನಿಟ್ ಬಳಸುವವರಿಲ್ಲದೆ ಉಳಿದಿದ್ದಾಗ ಮಾತ್ರ. ರಾತ್ರಿ ಕಲ್ಲಿದ್ದಲು ಸುಟ್ಟು ನೀರು ಪಂಪ್ ಮಾಡಿದರೆ ಈ ಮಾತು ನಿಲ್ಲುವುದಿಲ್ಲ.

ತರ್ಕ ಸರಿಯಿರುವುದು ಬೇರೆ, ಜಾಗ ಸರಿಯಿರುವುದು ಬೇರೆ. ಶರಾವತಿ ಕಣಿವೆ ಸಿಂಗಳೀಕಗಳ ಅಭಯಾರಣ್ಯ. ಲಿಂಗನಮಕ್ಕಿಯಲ್ಲಿ ಮುಳುಗಡೆಯಾದವರ ಕುಟುಂಬಗಳಲ್ಲಿ ಎಷ್ಟೋ ಮಂದಿ ಇಂದಿಗೂ ಜಮೀನಿನ ಹಕ್ಕುಪತ್ರಕ್ಕಾಗಿ ಓಡಾಡುತ್ತಿರುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಜೂಲುಗಳ ಲೆಕ್ಕದಲ್ಲಿ ಕಾಡಿಗೂ ಹಕ್ಕುಪತ್ರಕ್ಕೂ ಕಾಲಂ ಇಲ್ಲ. ಅದಿಲ್ಲವೆಂದು ಅವುಗಳ ಬೆಲೆ ಸೊನ್ನೆ ಎಂದು ಭಾವಿಸುವವರು ಭೌತವಿಜ್ಞಾನವನ್ನು ತಪ್ಪಾಗಿ ಬಳಸುತ್ತಿದ್ದಾರೆ. ಎತ್ತರದಲ್ಲೊಂದು, ತಗ್ಗಿನಲ್ಲೊಂದು ಇರುವ ಎರಡು ಕೆರೆಗಳಿಗೆ ಬದಲು ಬ್ಯಾಟರಿಯಲ್ಲಿಯೂ ಸಂಜೆಯ ವಿದ್ಯುತ್ತನ್ನು ಇಡಬಹುದು. ಹಗಲಿಗೆ ಸರಿಸಬಹುದಾದ ಬೇಡಿಕೆಯನ್ನು, ಉದಾಹರಣೆಗೆ ತೋಟದ ಪಂಪ್‌ಸೆಟ್ಟುಗಳನ್ನು, ಬಿಸಿಲಿನ ಹೊತ್ತಿಗೇ ಓಡಿಸಬಹುದು. ಇವನ್ನೆಲ್ಲ ಪಕ್ಕಪಕ್ಕದಲ್ಲಿಟ್ಟು ಹೋಲಿಸಿದ ಲೆಕ್ಕವನ್ನು ಮುಂದಿಡಿ ಎಂದು ಕೇಳುವ ಹಕ್ಕು ನಿಮಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರು ಎಷ್ಟೋ ವರ್ಷಗಳ ಹಿಂದೆಯೇ ಕರ್ನಾಟಕದ ವಿದ್ಯುತ್ ಯೋಜನೆಗಳ ಬಗ್ಗೆ ಈ ದಾರಿಯಲ್ಲೇ ವಾದಿಸಿದ್ದರು: ಜನರಿಗೆ ಬೇಕಾದದ್ದು ಬೆಳಕು, ಬೆಂದ ಅನ್ನ, ಹೊಲಕ್ಕೆ ನೀರು, ಅವನ್ನು ಎಷ್ಟು ಕಡಿಮೆ ಶಕ್ತಿಯಲ್ಲಿ ಕೊಡಬಹುದೆಂದು ಮೊದಲು ನೋಡಿ, ಆಮೇಲೆ ಸ್ಥಾವರದ ಮಾತಾಡಿ ಎಂಬುದು ಅವರ ವಾದದ ತಿರುಳು.

ಕೊನೆಗೆ ಗೀಸರ್. ಹದಿನೈದು ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು 12.6 ಲಕ್ಷ ಜೂಲ್, ಅಂದರೆ 0.35 ಯೂನಿಟ್ ಬೇಕು. ಮೇಲಿನ ಲೆಕ್ಕದ ಪ್ರಕಾರ ಹದಿನೈದು ಲೀಟರ್ ನೀರು ಕಾಯಿಸಲು ತಳಕಳಲೆಯಿಂದ 350 ಲೀಟರ್ ನೀರು 440 ಮೀಟರು ಇಳಿಯಬೇಕು. ಶಕ್ತಿನಗರದ ವಿದ್ಯುತ್ತಾದರೆ ಕಾಲು ಕಿಲೋ ಕಲ್ಲಿದ್ದಲು. ಇನ್ನೊಂದು ಲೆಕ್ಕವನ್ನು ಮಗಳಿಂದಲೇ ಮಾಡಿಸಿ: ಅರವತ್ತು ಕಿಲೋ ತೂಕದ ಒಬ್ಬರು ಜೋಗದ ಬುಡದಿಂದ ಮೆಟ್ಟಿಲು ಹತ್ತಿ 250 ಮೀಟರು ಮೇಲೆ ಬಂದರೆ ಗಳಿಸುವ ಎತ್ತರದ ಶಕ್ತಿ ಎಷ್ಟು? 1.47 ಲಕ್ಷ ಜೂಲ್, ಒಂದು ಯೂನಿಟ್ಟಿನ ಇಪ್ಪತ್ತೈದನೇ ಒಂದು ಭಾಗ. ಒಂದು ಬಕೆಟ್ ಬಿಸಿನೀರಿಗಾಗಿ ಅಷ್ಟು ಎತ್ತರವನ್ನು ಎಂಟೊಂಬತ್ತು ಬಾರಿ ಹತ್ತಬೇಕು. ನೀರು ಕಾಯಿಸುವುದು ಎಷ್ಟು ದೊಡ್ಡ ಖರ್ಚು ಎಂಬುದು ಈ ಲೆಕ್ಕ ಮಾಡಿದ ಮಕ್ಕಳಿಗೆ ಮತ್ತೆ ಹೇಳಿಕೊಡಬೇಕಾಗುವುದಿಲ್ಲ.

ಚಕ್ರ ತಿರುಗಿಸಬಲ್ಲ ಶ್ರೇಷ್ಠ ಸಂಗ್ರಹವನ್ನು ಸ್ನಾನದ ನೀರಿನ 45 ಡಿಗ್ರಿ ಶಾಖಕ್ಕೆ ಇಳಿಸುವುದು ನನಗೆ ಒಗ್ಗುವುದಿಲ್ಲ. ಅಷ್ಟು ಕಡಿಮೆ ಶಾಖಕ್ಕೆ ಮಾಡಿನ ಮೇಲಿನ ಸೋಲಾರ್ ವಾಟರ್ ಹೀಟರ್ ಸಾಕು, ಬಿಸಿಲಿರುವ ಏಳೆಂಟು ತಿಂಗಳು ಅದು ಕೆಲಸ ಮಾಡುತ್ತದೆ. ನಿಮ್ಮ ಕಡೆಯ ಮಳೆಗಾಲಕ್ಕೆ ಬಚ್ಚಲ ಒಲೆ ಇರಲಿ. ತೋಟದಲ್ಲಿ ವರ್ಷವರ್ಷವೂ ಬೀಳುವ ಸೋಗೆ, ಅಡಿಕೆ ಸಿಪ್ಪೆಗಳಲ್ಲಿ ಇರುವುದು ಕಳೆದ ವರ್ಷದ ಬಿಸಿಲು, ಮುಂದಿನ ವರ್ಷ ಮತ್ತೆ ತುಂಬುವ ಸಂಗ್ರಹ. ಬೆಟ್ಟದ ಮರ ಕಡಿದು ಉರಿಸುವುದಾದರೆ ಈ ಮಾತು ಅನ್ವಯಿಸದು, ಸೊಪ್ಪಿನ ಬೆಟ್ಟ ಅಷ್ಟು ಬೇಗ ಚಿಗುರುವುದಿಲ್ಲ.

ಒಲೆಯನ್ನು ಮಾತ್ರ ಸರಿಪಡಿಸಿಕೊಳ್ಳಿ. ಹಳೆಯ ತೆರೆದ ಒಲೆಯಲ್ಲಿ ಉರಿಯ ಹೆಚ್ಚಿನ ಪಾಲು ಹಂಡೆಗೆ ತಾಗದೆ ಹೊರಗೆ ಹೋಗುತ್ತದೆ, ಹೊಗೆ ಮನೆಯವರ ಎದೆಗೆ ಹೋಗುತ್ತದೆ. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಹುಟ್ಟಿದ ವಿಜ್ಞಾನ ಸಂಸ್ಥೆಯ ಆಸ್ತ್ರ ಕೇಂದ್ರ ರೂಪಿಸಿದ ಆಸ್ತ್ರ ಒಲೆಯಲ್ಲಿ ಬೆಂಕಿಯ ಗೂಡನ್ನು ಮುಚ್ಚಿ, ಗಾಳಿಯನ್ನು ಕೆಳಗಿನ ಜಾಲರಿಯಿಂದ ಅಳತೆಯಾಗಿ ಬಿಟ್ಟು, ಬಿಸಿ ಹೊಗೆಯನ್ನು ಪಾತ್ರೆಗಳ ತಳಕ್ಕೆ ಸವರಿಸಿಕೊಂಡು ಚಿಮಣಿಗೆ ಒಯ್ಯುತ್ತಾರೆ. ಅದೇ ಕಟ್ಟಿಗೆಯಲ್ಲಿ ಬಹಳಷ್ಟು ಹೆಚ್ಚು ನೀರು ಕಾಯುತ್ತದೆ. ಉರುವಲನ್ನು ಮಳೆಗೆ ಮೊದಲೇ ಒಣಗಿಸಿ ಅಟ್ಟಕ್ಕೆ ಹಾಕುವ ನಿಮ್ಮ ಹಿರಿಯರ ಕ್ರಮಕ್ಕೂ ಲೆಕ್ಕವಿದೆ. ಕಟ್ಟಿಗೆಯೊಳಗಿನ ಒಂದು ಕಿಲೋ ತೇವವನ್ನು ಆವಿ ಮಾಡಲಿಕ್ಕೇ ಸುಮಾರು 22.6 ಲಕ್ಷ ಜೂಲ್ ಹೋಗುತ್ತದೆ, ಅಷ್ಟರಲ್ಲಿ ಒಂದೂಮುಕ್ಕಾಲು ಬಕೆಟ್ ನೀರು ಕಾಯಬಹುದಿತ್ತು. ಈ ಬೇಸಿಗೆಯಲ್ಲಿ ಒಂದು ಹಸಿ ಕಟ್ಟಿಗೆಯನ್ನು ತೂಗಿಟ್ಟು, ತಿಂಗಳು ಬಿಸಿಲಲ್ಲಿ ಒಣಗಿಸಿ ಮತ್ತೆ ತೂಗಲು ಮಗಳಿಗೆ ಹೇಳಿ. ಎರಡು ತೂಕಗಳ ವ್ಯತ್ಯಾಸವನ್ನು 22.6 ಲಕ್ಷದಿಂದ ಗುಣಿಸಿದರೆ, ಬಿಸಿಲು ಆ ಕಟ್ಟಿಗೆಯ ಮೇಲೆ ಪುಕ್ಕಟೆಯಾಗಿ ಮಾಡಿಕೊಟ್ಟ ಕೆಲಸ ಎಷ್ಟು ಜೂಲ್ ಎಂದು ಅವಳಿಗೇ ಸಿಗುತ್ತದೆ.